ಉಡಿದಾರದ ಉದ್ಧಾರ

ಹಗಲುಗನಸು ಕಾಣುವವರು ಮುಲಾಮು ತಯಾರಿಸಲು ಹೋಗಬಾರದು. ನಾನು ನಂಜನಗೂಡಿನ ಔಷಧ ಕಾಲೇಜೊಂದರಲ್ಲಿ ಮೇಷ್ಟ್ರು. ಬೇವು, ಅರಿಶಿನ, ಸೀಮೆ ಅಗಸೆಯ ಸಾರ ಬೆರೆಸಿ ಹುಳುಕಡ್ಡಿಗೊಂದು ಮುಲಾಮು ಮಾಡಲು ಕೂತೆ. ಸೊಪ್ಪು ಕುದಿಯುವ ಹಬೆ ಮುಖಕ್ಕೆ ಹೊಡೆದರೆ ನನಗೆ ಕಪಿಲೆಯ ಮೇಲಿನ ಬೆಳಗಿನ ಮಂಜು ಕಾಣುತ್ತದೆ. ಆ ಮಂಜಿನೊಳಗಿಂದ ಹಸಿರು ಟ್ಯೂಬುಗಳು ಮೆಲ್ಲಗೆ ತೇಲಿ ಬರುತ್ತವೆ, ಒಂದೊಂದರ ಮೇಲೂ ನನ್ನ ಹೆಸರು. ಅಷ್ಟರಲ್ಲಿ ಸಾರ ತಳ ಹಿಡಿದಿರುತ್ತದೆ.

ಅಂತೂ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಹುಳುಕಡ್ಡಿಯ ಬೂಷ್ಟು ನನ್ನ ಮುಲಾಮಿಗೆ ಹೆದರಿತು. ನನ್ನ ತೋಳಿಗೇ ಹಚ್ಚಿಕೊಂಡು ನೋಡಿದೆ, ಏನೂ ಆಗಲಿಲ್ಲ. ಸುದ್ದಿ ತಿಳಿದ ಹೆಮ್ಮಿಗೆಯ ಭಾಮೈದ ಮಾದೇವ, "ನಂಗೂ ಕೊಡಿ ಬಾವ, ಸೊಂಟದ್ ಸುತ್ತ ಕಡ್ತ ತಡ್ಯಕಾಯ್ತಿಲ್ಲ. ಮದ್ವೆ ಬೇರೆ ಅತ್ರ ಬಂತು. ಧಾರೆ ಒತ್ನಲ್ಲಿ ಕೆರ್ಕಂಡ್ ನಿಂತ್ಕಳಾನಾ?" ಎಂದ. ಅವನ ಮಾನ, ನನ್ನ ಮುಲಾಮಿನ ಮಾನ ಎರಡೂ ಒಂದೇ ಡಬ್ಬಿಗೆ ಬಿದ್ದವು.

ತಿಂಗಳು ಹಚ್ಚಿದರೂ ಕಡಿತ ಹೋಗಲಿಲ್ಲ. ಕನಸಿನ ಟ್ಯೂಬುಗಳು ಬಂದ ದಾರಿಯಲ್ಲೇ ಮಂಜಿಗೆ ವಾಪಸಾದವು. ಮನಸ್ಸು ತಡೆಯದೆ ಹೆಮ್ಮಿಗೆಗೆ ಹೋಗಿ ನೋಡಿದರೆ, ಹುಳುಕಡ್ಡಿ ಹಬ್ಬಿದ್ದು ಸರಿಯಾಗಿ ಉಡಿದಾರದ ಗುಂಟ! ಬೆವರು, ಸ್ನಾನದ ನೀರು ಕುಡಿದು ಸದಾ ಒದ್ದೆಯಾಗಿದ್ದ ಹಳೇ ದಾರ. ಮುಲಾಮು ಓಡಿಸಿದ್ದನ್ನು ಅದು ಮತ್ತೆ ಕರೆತರುತ್ತಿತ್ತು. "ಮೊದಲು ಇದನ್ನ ಬಿಚ್ಚಿ ಎಸಿ" ಎಂದೆ. ಒಳಗಿನಿಂದ ಅತ್ತೆ ಬಂದರು.

"ಉಡ್ದಾರ ಬಿಚ್ಚುದ್ರೆ ಮನೆ ಉದ್ದಾರ ಆಯ್ತದಾ ಅಳಿಯಂದ್ರೆ? ಗಂಡ್ಸಿನ ಸೊಂಟ ಬರಿದಾಗೋದು ಚಟ್ಟ ಅತ್ತೋವಾಗ!"

ನಾನು ರಾಜಿಗೆ ಬಂದೆ. ಹೊಸದು ಕಟ್ಟಿದ ಮೇಲೆಯೇ ಹಳೆಯದನ್ನು ಬಿಚ್ಚುವುದು. ನಂಜುಂಡೇಶ್ವರನ ಗುಡಿ ಮುಂದಿನ ಅಂಗಡಿಯಿಂದ ಒಂದು ಹಿಡಿ ಕರಿದಾರ ತಂದುಕೊಟ್ಟು, ಒದ್ದೆಯಾದಾಗೆಲ್ಲ ಬದಲಾಯಿಸು, ಮುಲಾಮು ಮಾತ್ರ ಬಿಡಬೇಡ ಎಂದೆ. ಮದುವೆಯ ಹೊತ್ತಿಗೆ ಬರೀ ಕಲೆ ಉಳಿದಿತ್ತು. ಧಾರೆಯ ನೀರು ಬೀಳುವಾಗ ಮಾದೇವನ ಕೈ ಹುಡುಗಿಯ ಕೈಯೊಂದಿಗೆ ಅಲ್ಲಾಡದೆ ನಿಂತಿತ್ತು. ನನಗೆ ನಿಜವಾಗಿ ಕಣ್ಣು ತುಂಬಿ ಬಂತು. ಟ್ಯೂಬುಗಳು ಮತ್ತೆ ತೇಲತೊಡಗಿದವು.

ಊಟದ ಪಂಕ್ತಿಯಲ್ಲಿ ಅತ್ತೆಯ ದನಿ ಕೇಳಿಸಿತು: "ಎಲ್ಲಾ ನಂಜುಂಡಪ್ಪನ ದಾರದ್ ಮೈಮೆ ಕಣವ್ವ. ಅಳಿಯಂದ್ರು ಅದೇನೋ ಅಸ್ರುದು ಬಳ್ದಿದ್ರು, ಪಾಪ, ನಮ್ ಐದ ಮಾದೇವ ಅದ್ನೂ ತಡ್ಕಂಡ."

ಈಗ ಹೆಮ್ಮಿಗೆಯಿಂದ ಬರುವ ಫೋನೆಲ್ಲ ದಾರಕ್ಕೆ. ಮುಲಾಮನ್ನು ಕೇಳುವವರಿಲ್ಲ. ನಿನ್ನೆ ನನ್ನ ಸೊಂಟವೂ ಕಡಿಯತೊಡಗಿತು. ಡಬ್ಬಿ ಎದುರಿಗೇ ಇತ್ತು. ನಾನು ಚಪ್ಪಲಿ ಮೆಟ್ಟಿಕೊಂಡು ದಾರದ ಅಂಗಡಿಗೆ ಹೊರಟೆ.