ರಸ್ತೆ ಅಗೆದ ವರ್ಷ ನಮ್ಮ ವರ್ತಕರ ಸಂಘ

ಒಬ್ಬ ವ್ಯಾಪಾರಿ ತನ್ನದೇ ರಸ್ತೆಯ ಇನ್ನೊಬ್ಬ ವ್ಯಾಪಾರಿಯ ಬಳಿ ಏನನ್ನೂ ಕೊಳ್ಳುವುದಿಲ್ಲ ಎಂದು ಆಗ ಎಲ್ಲರೂ ನಂಬಿದ್ದರು. ವಿಜಯನಗರದ ಆ ರಸ್ತೆಯ ವರ್ತಕರ ಸಂಘದಲ್ಲಿ ಸಂಬಳದ ಕಾರ್ಯದರ್ಶಿಯಾಗಿದ್ದ ನಾನೂ ನಂಬಿದ್ದೆ. ವರ್ತಕರ ಸಂಘವೆಂದರೆ ಸರ್ಕಾರಕ್ಕೂ ಮಾರುಕಟ್ಟೆಗೂ ನಡುವಿನ ಸೇತುವೆ ಎಂದು ಅರ್ಥಶಾಸ್ತ್ರದ ಎಂ.ಎ. ಪರೀಕ್ಷೆಯಲ್ಲಿ ಬರೆದು ಪಾಸಾದವನು ನಾನು. ಸಭೆಗೆ ಬೋಂಡಾ ತರಿಸಬೇಕೋ ಪಕೋಡ ತರಿಸಬೇಕೋ ಎನ್ನುವುದೇ ಮುಖ್ಯ ಪ್ರಶ್ನೆ ಎಂದು ಕೆಲಸಕ್ಕೆ ಸೇರಿದ ಮೇಲೆ ತಿಳಿಯಿತು. ಇಂಥ ಕಡೆ ಕೂತವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅವೇ ಮೆಟ್ಟಿಲು ಹತ್ತಿ ಬರುತ್ತವೆ.

ಅಸಲು ದರ

ಕೊಳ್ಳದಿರುವುದಕ್ಕೆ ಕಾರಣ ಜಗಳವಲ್ಲ, ದಾಕ್ಷಿಣ್ಯ. ಒಂದೇ ರಸ್ತೆಯವರಿಗೆ ಲಾಭ ಇಟ್ಟುಕೊಳ್ಳದೆ ಅಸಲಿಗೇ ಕೊಡಬೇಕು ಎನ್ನುವುದು ಅಲ್ಲಿಯ ಪದ್ಧತಿ. ಕೊಟ್ಟವನಿಗೆ ಇವತ್ತು ಸಂಕಟ. ತೆಗೆದುಕೊಂಡವನಿಗೆ, ನಾಳೆ ತಾನೂ ಹಾಗೇ ಕೊಡಬೇಕಲ್ಲ ಎಂಬ ಸಂಕಟ. ಆದ್ದರಿಂದ ಯಾರೂ ಯಾರ ಅಂಗಡಿಯ ಮೆಟ್ಟಿಲನ್ನೂ ಹತ್ತುತ್ತಿರಲಿಲ್ಲ.

ಒಂದು ಭಾನುವಾರ ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಹತ್ತಿದೆ. ಒಳಗೆ ನಮ್ಮ ಸಂಘದ ಅಧ್ಯಕ್ಷರು. ಅವರದು ಬಟ್ಟೆ ಅಂಗಡಿ. ಎದುರಿನ ಸೀಟಿನಲ್ಲಿ ನಮ್ಮದೇ ರಸ್ತೆಯ ಬೇಕರಿಯವರು. ಅಧ್ಯಕ್ಷರು ಅವರನ್ನು ಕೇಳಿದರು:

"ಏನ್ ಸಾರ್, ಈ ಕಡೆ?"

"ಸುಮ್ನೆ ಬಂದಿದ್ದೆ. ನೀವು?"

"ನಾನೂ ಸುಮ್ನೆ."

ಬೇಕರಿಯವರ ಕವರಿನಿಂದ ಹೊಸ ಪಂಚೆಯ ಅಂಚು ಇಣುಕುತ್ತಿತ್ತು. ಅಧ್ಯಕ್ಷರ ತೊಡೆಯ ಮೇಲಿನ ಡಬ್ಬಿಯಿಂದ ಕೇಕಿನ ಪರಿಮಳ ಬರುತ್ತಿತ್ತು. ಇಬ್ಬರೂ ತಕ್ಷಣ ಕಿಟಕಿಯಾಚೆ ಬಹಳ ಆಸಕ್ತಿಯಿಂದ ನೋಡತೊಡಗಿದರು. ಆಚೆ ಸುರಂಗವಿತ್ತು.

ಶಾಲು

ಆ ವರ್ಷ ಒಳಚರಂಡಿ ಪೈಪಿಗೆಂದು ರಸ್ತೆಯ ಒಂದು ಬದಿ ಅಗೆದರು. ಹೆಚ್ಚು ಪೆಟ್ಟು ಬಿದ್ದದ್ದು ಪಾತ್ರೆ ಅಂಗಡಿಯ ಅಕ್ಕನಿಗೆ. ದಾವಣಗೆರೆ ಕಡೆಯವರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಅಂಗಡಿ ನಡೆಸುತ್ತಿದ್ದರು. ಹಣೆಯಲ್ಲಿ ವಿಭೂತಿ, ಬಾಯಲ್ಲಿ ಖಡಕ್ ಮಾತು. ಅವರ ಬಾಗಿಲಿನ ಮುಂದೆಯೇ ಗುಂಡಿ, ಗುಂಡಿಯ ಮೇಲೆ ಒಂದು ಹಲಗೆ. ಹಲಗೆಯ ಮೇಲೆ ನಡೆದು ಬಂದು ಕುಕ್ಕರ್ ಕೊಳ್ಳುವಷ್ಟು ಧೈರ್ಯ ಗಿರಾಕಿಗಳಿಗೆ ಇರಲಿಲ್ಲ.

"ಯುಗಾದಿ ತನ್ಕ ನೋಡ್ತೀನ್ರಿ," ಎಂದರು ಅಕ್ಕ. "ಆಮ್ಯಾಲೆ ಅಂಗಡಿ ಮುಚ್ಚಿ ದಾವಣಗೆರೆಗೆ, ತಮ್ಮನ ಮನೆಗೆ ಹೋಗ್ಬಿಡ್ತೀನಿ. ತಮ್ಮ ಒಳ್ಳೇವ್ನೇ. ಆದ್ರೆ ಆ ಮನ್ಯಾಗೆ ಗಲ್ಲಾ ಪೆಟ್ಟಿಗೆ ಅವನ ಹೆಂಡ್ತೀದು."

ಸಂಘ ಎದ್ದು ನಿಂತಿತು. ಗುಂಡಿ ಬೇಗ ಮುಚ್ಚಿ ಎಂದು ಇಂಜಿನಿಯರ್ ಸಾಹೇಬರನ್ನು ಕೇಳಲು ನಿಯೋಗ ಹೊರಟಿತು. ಬರಿಗೈಯಲ್ಲಿ ಹೋಗುವುದು ಸಂಘದ ಸಂಪ್ರದಾಯವಲ್ಲ, ಹಾರ, ಶಾಲು, ಮೈಸೂರು ಪೇಟ ತೆಗೆದುಕೊಂಡರು. ಒಳಗೆ ಹೋಗುತ್ತಲೇ ಅಧ್ಯಕ್ಷರು ಪೇಟ ತೊಡಿಸಿದರು, ಬೇಕರಿಯವರು ಶಾಲು ಹೊದಿಸಿದರು. ಇಂಜಿನಿಯರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನನಗೆ ಟ್ರಾನ್ಸ್‌ಫರ್ ಆಗಿರೋದು ಮನೆಯವರಿಗೂ ಇನ್ನೂ ಹೇಳಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

ಅಧ್ಯಕ್ಷರು ಎದ್ದು ನಿಂತು ಅವರ ಸೇವೆಯನ್ನು ಸ್ಮರಿಸಿ ಒಂದು ಭಾಷಣ ಮಾಡಿದರು. ಭಾಷಣದಲ್ಲಿ ಗುಂಡಿಯ ಮಾತು ಇರಲಿಲ್ಲ, ನಮ್ಮ ರಸ್ತೆಯ ಅಭಿವೃದ್ಧಿಗೆ ಧನ್ಯವಾದ ಇತ್ತು.

ಫ್ಲೆಕ್ಸು

ಮುಂದಿನ ಸಭೆಯಲ್ಲಿ ಬೋಂಡಾ ಮುಗಿದ ಮೇಲೆ ಅಧ್ಯಕ್ಷರು ಹೇಳಿದರು: "ಬಂದ ಗಿರಾಕಿಗಳನ್ನ ಅಕ್ಕನ ಅಂಗಡಿಗೂ ಕಳಿಸೋಣ."

ಹಾರ್ಡ್‌ವೇರ್‌ನವರು ಸಿಡುಕಿದರು. "ನಲ್ಲಿ ವಾಷರ್ ಕೇಳ್ಕೊಂಡು ಬಂದವನಿಗೆ ಒಂದು ಪರಾತ ತಗೊಳ್ಳಪ್ಪಾ ಅನ್ಲಾ? ಹುಚ್ಚ ಅಂದ್ಕೊಳ್ತಾನೆ ಕಣ್ರಿ."

ಕೊನೆಗೆ ಅಕ್ಕನ ಅಂಗಡಿಯ ಮುಂದೆ ಒಂದು ಫ್ಲೆಕ್ಸ್ ಹಾಕಿಸುವುದೆಂದು ತೀರ್ಮಾನವಾಯಿತು. 'ಅಂಗಡಿ ತೆರೆದಿದೆ' ಎಂದು ಬರೆಸಬೇಕಿತ್ತು. ಬರೆಸಿದರು, ಕೆಳಗೆ, ಸಣ್ಣದಾಗಿ. ಮೇಲೆ ಅಧ್ಯಕ್ಷರ ದೊಡ್ಡ ಫೋಟೋ, ಕೈ ಮುಗಿದುಕೊಂಡು. ಹಾರ ಹಾಕಿಸಿಕೊಂಡ ಫೋಟೋವೇ ಚೆನ್ನಾಗಿ ಬಂದಿತ್ತಂತೆ, ಅದನ್ನೇ ಕೊಟ್ಟಿದ್ದರು.

ಬೆಳಗ್ಗೆ ಹತ್ತು ಗಂಟೆಗೆ ಫ್ಲೆಕ್ಸ್ ಏರಿತು. ಸ್ವಲ್ಪ ಹೊತ್ತಿಗೆ ಎದುರು ಸಾಲಿನ ಅಂಗಡಿಗಳವರು ಗೌರವದಿಂದ ಶಟರ್ ಅರ್ಧಕ್ಕೆ ಇಳಿಸಿದರು. ಹೂವಿನವಳು ಫ್ಲೆಕ್ಸಿನ ಬುಡದಲ್ಲಿ ಒಂದು ಮೊಳ ಸೇವಂತಿಗೆ ಇಟ್ಟು ಹೋದಳು. ಅದೇ ಹೊತ್ತಿಗೆ ಸ್ಕೂಟರಿನಲ್ಲಿ ಬಂದ ಅಧ್ಯಕ್ಷರು ಅರ್ಧ ಇಳಿದ ಶಟರುಗಳನ್ನು ನೋಡಿ ಗಾಬರಿಯಾಗಿ ನನ್ನನ್ನು ಕೇಳಿದರು:

"ಅಯ್ಯೋ, ಯಾರು ಹೋಗಿದ್ದು ಸಾರ್?"

ನಾನು ಮೇಲೆ ತೋರಿಸಿದೆ.

ದೂರು

ಇದಾದ ಕೆಲವು ವಾರಕ್ಕೆ ಅಕ್ಕ ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಗುಂಡಿ ಹಾಗೇ ಇತ್ತು. ಅದರ ದೂರು ಇರಬೇಕು ಅಂದುಕೊಂಡೆ.

"ಗುಂಡಿ ಇರ್ಲಿ ಬಿಡ್ರಿ. ನಿಮ್ಮ ಮೆಂಬರುಗಳ ಮ್ಯಾಲೆ ಕಂಪ್ಲೇಂಟ್ ಐತಿ."

"ಏನ್ ಮಾಡಿದ್ರು?"

"ಸಾಮಾನು ತಗೊಂಡು ಹೋಗ್ಯಾರೆ."

"ದುಡ್ಡು ಕೊಡದೇನಾ?"

"ಕೊಟ್ಟು! ನಾನು ಹೇಳಿದಷ್ಟೂ ಕೊಟ್ಟು! ಬೇಕರಿಯವ್ರು ಹಾಲಿನ ಕ್ಯಾನು. ಹಾರ್ಡ್‌ವೇರ್‌ನವ್ರು ಇಡ್ಲಿ ಪಾತ್ರೆ. ಒಬ್ರಾದ್ರೂ ಅಸಲಿಗೆ ಕೊಡಿ ಅನ್ಲಿಲ್ಲ, ಜಾಸ್ತಿ ಆತು ಅನ್ಲಿಲ್ಲ." ಅವರ ದನಿ ಸ್ವಲ್ಪ ಇಳಿಯಿತು. "ಅಲ್ರಿ, ನಾನು ಮುಳುಗಿ ಹೋದೆ ಅಂತ ಎಲ್ಲಾರೂ ತೀರ್ಮಾನ ಮಾಡ್ಬಿಟ್ರಾ? ಸಾಯೋರ ಹತ್ರ ಅಲ್ಲೇನ್ರಿ ಜನ ಚೌಕಾಸಿ ಮಾಡದಿರೋದು?"

ಟೀ ತರಿಸಿದೆ. ಅವರು ಹೋದ ಮೇಲೆ ಒಬ್ಬೊಬ್ಬರಿಗೇ ಫೋನ್ ಮಾಡಿದೆ.

ಬೇಕರಿಯವರು, "ನಾನಾ? ಛೇ ಛೇ," ಎಂದರು. ಆಮೇಲೆ ಪಿಸುದನಿಯಲ್ಲಿ, "ಸಾರ್, ನಾನೊಬ್ಬನೇ ತಗೊಂಡಿದ್ದು. ದಯವಿಟ್ಟು ಅಧ್ಯಕ್ಷರಿಗೆ ಹೇಳ್ಬೇಡಿ. ಹಾಗಾದ್ರೆ ನಮ್ಮಂಗಡೀಲಿ ಯಾಕೆ ಬಟ್ಟೆ ತಗೊಳ್ಳಲ್ಲ ಅಂತಾರೆ."

ಹಾರ್ಡ್‌ವೇರ್‌ನವರೂ, ತಾವೊಬ್ಬರೇ ತೆಗೆದುಕೊಂಡದ್ದು ಎಂದರು. ಒಂದು ರಸ್ತೆಯ ತುಂಬ ಕಳ್ಳರಿದ್ದರು, ಯಾರೂ ಏನನ್ನೂ ಕದ್ದಿರಲಿಲ್ಲ.

ಚೌಕಾಸಿ

ಅಕ್ಕನ ದೂರನ್ನು ಅಧ್ಯಕ್ಷರಿಗೆ ಹೇಳಿದೆ. ಅವರು "ಬನ್ನಿ ಸಾರ್," ಎಂದು ನನ್ನನ್ನೂ ಕರೆದುಕೊಂಡು ಹಲಗೆ ದಾಟಿದರು. ಒಂದು ದೊಡ್ಡ ಕೊಳದಪ್ಪಲೆ ಎತ್ತಿ ದರ ಕೇಳಿದರು. ಅಕ್ಕ ಹೇಳಿದರು. "ಸರಿ," ಎಂದು ಜೇಬಿಗೆ ಕೈ ಹಾಕಿದರು. ಅಕ್ಕ ಕೊಳದಪ್ಪಲೆಯನ್ನು ಹಿಂದಕ್ಕೆ ಎಳೆದುಕೊಂಡರು.

"ಜಾಸ್ತಿ ಆತು ಅನ್ರಿ."

"ಜಾಸ್ತಿ ಆಯ್ತು."

"ಹಂಗಲ್ರಿ. ಮನಸ್ಸಿಟ್ಟು ಅನ್ರಿ."

ಅಧ್ಯಕ್ಷರಿಗೆ ಬೆವರು ಬಂತು. ಜೀವನವಿಡೀ ಗಲ್ಲಾದ ಆಚೆ ಕೂತವರು, ಈಚೆಯ ಅಭ್ಯಾಸವಿಲ್ಲ. ಆಮೇಲೆ ತಟ್ಟನೆ ದನಿ ಏರಿಸಿದರು:

"ಏನ್ ಅಕ್ಕಾವ್ರೆ, ಮನೇಲಿ ಮಗಳ ಮದುವೆ ಇಟ್ಕೊಂಡು ಪೂರ್ತಿ ಸಾಮಾನು ತಗೊಳ್ಳೋಣ ಅಂತ ಬಂದ್ರೆ ಹಿಂಗಾ ರೇಟ್ ಹೇಳೋದು? ಚಿಕ್ಕಪೇಟೆಗೆ ಹೋಗ್ತೀನಿ ಬಿಡಿ!"

ಅಕ್ಕನ ಮುಖ ದೀಪ ಹಚ್ಚಿದ ಹಾಗಾಯಿತು. "ಮದ್ವಿ ಅಂತ ಮೊದ್ಲೇ ಬಾಯಿ ಬಿಡ್ಬಾರ್ದಾ? ಹೋಗ್ರಿ ಚಿಕ್ಕಪೇಟೆಗೆ, ಯಾರ್ ಬ್ಯಾಡಂದ್ರು? ಮಗಳ ಮದ್ವಿಗೆ ತಗಡು ಹೊತ್ಕೊಂಡು ಬರ್ರಿ!"

ಹಂಡೆಯಿಂದ ಕುಂಕುಮದ ಭರಣಿಯ ತನಕ ಪ್ರತಿಯೊಂದಕ್ಕೂ ಜಗಳ ನಡೆಯಿತು. ಇಬ್ಬರಿಗೂ ಗಂಟಲು ಕಟ್ಟಿತು. ಬೇಕರಿಯವರು, ಹಾರ್ಡ್‌ವೇರ್‌ನವರು ಗುಂಡಿಯ ಆಚೆ ನಿಂತು ನೋಡಿದರು. ಕೊನೆಗೆ ಅಕ್ಕ ಕರಗಿ, "ಹೋಗ್ಲಿ, ಹೆಣ್ಣುಮಗಳ ಮದ್ವಿ, ಅಸಲಿಗೇ ಕೊಡ್ಲೇನು?" ಎಂದರು.

"ಬೇಡ ಬೇಡ," ಅಧ್ಯಕ್ಷರು ಬೆಚ್ಚಿದರು. "ನಾಳೆ ನೀವು ಸೀರೆ ತಗೊಳ್ಳೋಕೆ ಬಂದ್ಬಿಡ್ತೀರ!"

ಆರ್ಡರ್ ಕಂತು ಕಂತಾಗಿ ಹೋಗಬೇಕೆಂದು ಮಾತಾಯಿತು. ದಾವಣಗೆರೆಯ ವಿಷಯ ಕೇಳಿದರೆ ಅಕ್ಕ ನನ್ನನ್ನೇ ಗದರಿದರು: "ಮದ್ವಿ ಆರ್ಡರ್ ಹಿಡ್ದೀನಿ. ನಡುವೆ ಬಾಗ್ಲಾ ಹಾಕಾಕ ಬರ್ತದೇನ್ರಿ?" ಯುಗಾದಿಗೆ ಮುಂಚೆ ಹೊಸ ಇಂಜಿನಿಯರ್ ಗುಂಡಿ ಮುಚ್ಚಿಸಿದರು. ಸಂಘ ಅವರನ್ನು ಭೇಟಿಯಾಗಿರಲಿಲ್ಲ, ಅದೇ ಕಾರಣ ಇರಬಹುದು.

ನಾನು ಲೆಕ್ಕಾಚಾರದ ಮನುಷ್ಯ. ಅಧ್ಯಕ್ಷರಿಗೆ ಪಾತ್ರೆ ಬೇಕಿತ್ತು, ಕೊಂಡರು. ಇದರಲ್ಲಿ ಕಣ್ಣು ಒದ್ದೆ ಮಾಡಿಕೊಳ್ಳುವಂಥದ್ದೇನೂ ಇಲ್ಲ ಎಂದುಕೊಂಡೆ.

ಹಬ್ಬದ ದಿನ ಒಬ್ಬಟ್ಟಿಗೆಂದು ಅಧ್ಯಕ್ಷರು ಕೆಂಗೇರಿ ಉಪನಗರದ ತಮ್ಮ ಮನೆಗೆ ಕರೆದರು. ಅಲ್ಲಿಗೆ ನಾನು ಹೋದದ್ದು ಅದೇ ಮೊದಲು. ನಡುಮನೆಯಲ್ಲಿ ಹಂಡೆಗಳು ಸೂರಿನ ತನಕ. ಸೋಫಾದ ಮೇಲೆ ಪರಾತಗಳ ಗೋಪುರ, ಕೂರಲು ಜಾಗವಿಲ್ಲ. ಒಬ್ಬಟ್ಟು ಹಿಡಿದು ಬಂದ ಅವರ ಮನೆಯವರನ್ನು ಕೇಳಿದೆ:

"ಮಗಳ ಮದುವೆ ಯಾವಾಗಮ್ಮ?"

ಅವರು ಹಂಡೆಗಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ನಮಗಿರೋದು ಇಬ್ರೂ ಗಂಡುಮಕ್ಕಳೇ ಸಾರ್."