ಪೇಟೆಂಟ್ ಪಾಠದ ಫಜೀತಿ

ತೊಂಬತ್ತರ ದಶಕದಲ್ಲಿ ನಾನು ಚಿಕ್ಕೋಡಿ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಲೆಕ್ಚರರ್. ಕೊನೆಯ ವರ್ಷದವರಿಗೆ ಪ್ರಾಜೆಕ್ಟ್ ಮಾಡಿಸುವುದರ ಜೊತೆಗೆ, ಇನ್ನೊಬ್ಬರ ವಿಚಾರ ಕದಿಯಬಾರದು, ನಿಮ್ಮದನ್ನು ಕದಿಯಗೊಡಬಾರದು ಎಂದು ಕಲಿಸುವ ಕೆಲಸವೂ ನನಗೇ ಬಿತ್ತು. ಇದನ್ನು ಕಲಿಸಲು ಹೋದವನಿಗೆ ಆಗುವಷ್ಟು ಫಜೀತಿ ಕಳ್ಳನಿಗೂ ಆಗಲಿಕ್ಕಿಲ್ಲ.

ಉಪಕಾರ ಸ್ಮರಣೆ

ಅಥಣಿಯ ಹುಡುಗನೊಬ್ಬ ದಪ್ಪ ರಿಪೋರ್ಟ್ ತಂದುಕೊಟ್ಟ. ಮೊದಲ ಪುಟದಲ್ಲೇ, ಮಾರ್ಗದರ್ಶನ ಮಾಡಿದ್ದಕ್ಕೆ ಸಾಂಗ್ಲಿಯ ಯಾರೋ ಪ್ರೊಫೆಸರಿಗೆ ಹೃತ್ಪೂರ್ವಕ ಕೃತಜ್ಞತೆ.

"ನಿನ್ನ ಗೈಡ್ ನಾನಲ್ಲೇನೋ? ಇವರ್ಯಾರು?"

"ಹೆಸರು ಬದಲ್ ಮಾಡಂತ ಟೈಪಿಸ್ಟಗ ಹೇಳಿದ್ನಿರಿ. ನನ್ನ ಹೆಸರಷ್ಟ ಬದಲ್ ಮಾಡ್ಯಾನ."

"ಅಂದರ ನಕಲು ಮಾಡಿದಿ?"

"ಇಲ್ರಿ ಸರ್! ನಕಲು ಟೈಪಿಸ್ಟ್ ಮಾಡ್ಯಾನ. ನಾ ಅದನ್ನ ಇನ್ನೂ ಓದೇ ಇಲ್ಲ."

ಮೊದಲ ಹಾಳೆ

ಪ್ರಿನ್ಸಿಪಾಲರಿಗೂ ಹುರುಪು ಬಂತು. ಬೆಳಗಾವಿಯಿಂದ ಕಾಪಿರೈಟ್ ಕಾನೂನಿನ ಪುಸ್ತಕ ತರಿಸಿದರು, ಒಂದೇ ಒಂದು. "ಅರವತ್ತು ಝೆರಾಕ್ಸ್ ತಗಸ್ರಿ. ಹುಡುಗರಿಗಿ ಈ ವಿಷಯದಾಗ ತಿಳುವಳಿಕಿ ಭಾಳ ಕಡಿಮಿ ಐತಿ."

ನಾನು ಮೊದಲ ಹಾಳೆ ತೆರೆದು ತೋರಿಸಿದೆ. ಈ ಪುಸ್ತಕವನ್ನು ಯಾವುದೇ ರೂಪದಲ್ಲಿ ನಕಲು ಮಾಡುವಂತಿಲ್ಲ ಎಂದಿತ್ತು. ಕನ್ನಡಕ ಏರಿಸಿ ಎರಡು ಸಲ ಓದಿದರು.

"ಬರೋಬರಿ ಐತ್ರಿ. ಹಂಗಾರ ಆ ಹಾಳಿ ಬಿಟ್ಟು ಉಳದದ್ದು ತಗಸ್ರಿ."

ಚಾದರದ ಕೆಳಗೆ

ಶಿರಗುಪ್ಪಿಯ ರೈತರ ಮನೆಯ ಹುಡುಗ ಮಾತ್ರ ನಿಜವಾಗಿಯೂ ಹೊಸದೊಂದು ಮಾಡಿದ್ದ. ನಾಟಿಯ ಕಬ್ಬನ್ನು, ಮೊಳಕೆಯೊಡೆಯುವ ಗೆಣ್ಣಿನ ಕಣ್ಣಿಗೆ ಪೆಟ್ಟಾಗದಂತೆ ತುಂಡರಿಸುವ, ಕಾಲಲ್ಲಿ ತುಳಿಯುವ ಯಂತ್ರ. ನನಗೆ ಹಿಗ್ಗೋ ಹಿಗ್ಗು. "ಪೇಟೆಂಟ್ ಅರ್ಜಿ ಹಾಕೂತನಕ ಯಾರಿಗೂ ತೋರಿಸಬ್ಯಾಡ, ಕದ್ದಾರು" ಎಂದು ಒತ್ತಿ ಒತ್ತಿ ಹೇಳಿದೆ.

ಪರೀಕ್ಷೆಯ ದಿನ ಹೊರಗಿನ ಎಕ್ಸಾಮಿನರ್ ಬಂದರು. ಹುಡುಗ ಯಂತ್ರಕ್ಕೆ ಚಾದರ ಹೊದಿಸಿ ಅದರ ಮೇಲೇ ಕುಂತಿದ್ದ.

"ತಗೀಪಾ, ನೋಡೂಣು."

"ಆಗೂದಿಲ್ರಿ. ಸರ್ ಬ್ಯಾಡ ಅಂದಾರ."

"ನೋಡದ ಮಾರ್ಕ್ಸ್ ಹೆಂಗ ಕೊಡ್ಲಿ? ಫೇಲ್ ಆಗ್ತಿ ನೋಡು."

"ಫೇಲ್ ಮಾಡ್ರಿ. ಮುಂದಿನ ವರ್ಷ ಮತ್ತ ಕುಂದರ್ತೀನಿ. ಯಂತ್ರರೆ ನಂದ ಇರ್ತೈತಿ." ಹುಡುಗನ ಕಣ್ಣಲ್ಲಿ ನೀರು. ಕೊನೆಗೆ ನಾನೇ ಒಂದು ಹಾಳೆ ತಂದುಕೊಟ್ಟೆ.

ಯಾರಿಗೂ ಹೇಳುವುದಿಲ್ಲ ಎಂದು ಎಕ್ಸಾಮಿನರ್ ಕೈಯಿಂದಲೇ ಬರೆಸಿ, ಸಹಿ ಹಾಕಿಸಿಕೊಂಡ ಮೇಲೆ ಚಾದರ ಸರಿಯಿತು. ನಾಲ್ಕು ಕಬ್ಬು ಕಡಿದು ತೋರಿಸಿದ. ಒಂದು ಕಣ್ಣೂ ಕೆಟ್ಟಿರಲಿಲ್ಲ. ಎಕ್ಸಾಮಿನರ್ ನೂರಕ್ಕೆ ತೊಂಬತ್ತೆಂಟು ಕೊಟ್ಟರು. ಹುಡುಗ ಖುಷಿಯಿಂದ ಹಾಜರಿ ಪಟ್ಟಿಗೆ ಸಹಿ ಮಾಡಲು ಆಫೀಸಿಗೆ ಓಡಿದ್ದೇ ತಡ, ಅವರು ಚೀಲದಿಂದ ಅಳತೆಯ ಟೇಪು ತೆಗೆದರು. "ರಾಯಬಾಗದಾಗ ನಮ್ದೂ ನಾಕ ಎಕರೆ ಕಬ್ಬೈತ್ರಿ."

ಹುಡುಗ ಬೇಗನೇ ಮರಳಿ ಬಂದ. ಬಾಗಿಲಲ್ಲೇ ನಿಂತು ಅವರನ್ನು ನೋಡಿದ, ನನ್ನನ್ನು ನೋಡಿದ.

"ಸರ್, ಇದಕ್ಕ ಏನಂತಾರ್ರಿ?"

ಟೇಪಿನ ಇನ್ನೊಂದು ತುದಿ ನನ್ನ ಕೈಯಲ್ಲಿತ್ತು.