ಅಂಬಿಗನ ಕಂಬಳಿ

ಒಂದು ವಾಟ್ಸಾಪ್ ಸಂದೇಶ ಗಂಗಾಧರನ ಬೆಳಗಿನ ಚಹಾ ಕೆಡಿಸಿತು. ‘ಎಂಟನೇ ತರಗತಿಯ ಮಕ್ಕಳು ಬ್ಯಾಲೆ ನೋಡಿ ಕತೆ ಹೇಳಬೇಕು. ಹನ್ನೊಂದಕ್ಕೆ ಬರುತ್ತೇನೆ.’ ಕಳಿಸಿದವರು ಮೂರು ತಾಲ್ಲೂಕಿನ ಶಾಲೆಗಳ ತಪಾಸಣೆ ನಡೆಸುವ ಹುಲಿಗೇಶ ಸಾಹೇಬರು. ಹೋದ ತಿಂಗಳು ಅವರ ಸಿಟ್ಟಿಗೆ ಸಿಕ್ಕ ಮಾಸ್ತರನೊಬ್ಬ ಈಗ ಎರಡು ಬಸ್ಸು, ಒಂದು ಆಟೋ ಹತ್ತಿ ಕೆಲಸಕ್ಕೆ ಹೋಗುತ್ತಿದ್ದ. ಗಂಗಾಧರನಿಗೋ ಮಸ್ಕಿಯಲ್ಲಿ ಮನೆಯಿಂದ ಶಾಲೆಗೆ ನಾಲ್ಕೇ ನಿಮಿಷದ ನಡಿಗೆ. ಅದು ತಪ್ಪೀತೆಂದು ಅವನು ಚಹಾ ಅರ್ಧಕ್ಕೇ ಬಿಟ್ಟು ಶಾಲೆಗೆ ಓಡಿದ.

ಬ್ಯಾಲೆ ಎಂದರೆ ಮಾತಿಲ್ಲದೆ ಕುಣಿತದಲ್ಲೇ ಹೇಳುವ ಕತೆ. ಈ ಗಣಿತದ ಮಾಸ್ತರನಿಗೆ ಗೊತ್ತಿದ್ದದ್ದು ಅಷ್ಟೇ. ಹತ್ತೂವರೆಗೆ ತರಗತಿಯ ಟಿವಿಯಲ್ಲಿ ಸಾಹೇಬರೇ ಕಳಿಸಿದ್ದ ವಿಡಿಯೊ ಹಚ್ಚಿದ. ಆಚೆ ದಡದ ಹುಡುಗಿಗಾಗಿ ಕಾಯುವ ಅಂಬಿಗನ ಕತೆ.

“ಯಾರೂ ಬಾಯಿ ತೆರೀಬ್ಯಾಡ್ರಿ. ಕೈ ನೋಡ್ರಿ, ಕಾಲು ನೋಡ್ರಿ, ಮುಖ ನೋಡ್ರಿ. ಅವಂಗ ಏನಾಗೇತಿ ಅಂತ ತಾನಾ ತಿಳೀತೈತಿ,” ಎಂದ.

ಅಂಬಿಗ ದೋಣಿ ಹತ್ತುವಷ್ಟರಲ್ಲಿ ಕರೆಂಟು ಹೋಯಿತು.

“ನೀವಾ ಕುಣದು ತೋರಸ್ರಿ,” ಎಂದರು ಹಿಂದಿ ಟೀಚರ್ ಪದ್ಮಾವತಿ. ಕೇಳದಿದ್ದರೂ ಸಲಹೆ ಕೊಡುವ ಧಾರಾಳಿ ಅವರು.

“ನಾನಾ? ನನ್ನ ಮದುವ್ಯಾಗೂ ಕುಣದಿಲ್ರೀ!”

“ಹಂಗಾದ್ರ ಎರಡು ಬಸ್ ಹತ್ತೀರೇನು?”

ಅಷ್ಟೆಂದು ಸ್ಟೋರ್ ರೂಮಿನ ಮೂಲೆಯಿಂದ ಹಳೆಯ ಕಂಬಳಿ ಎಳೆದು ತಂದು, ಅಂಬಿಗನಂತೆ ಕಾಣಲೆಂದು ಅವನ ಸೊಂಟಕ್ಕೆ ಬಿಗಿದೇಬಿಟ್ಟರು.

ಹೊರಗೆ ಜೀಪು ನಿಂತಿತು. ಸಾಹೇಬರು ಬಂದು ಕುರ್ಚಿಯಲ್ಲಿ ಕೂತರು. ಗಂಗಾಧರ ಇಲ್ಲದ ದೋಣಿಗೆ ಇಲ್ಲದ ಹುಟ್ಟು ಹಾಕತೊಡಗಿದ. ಎರಡನೇ ಸಲ ಬಾಗಿದಾಗ ತೊಡೆಗೆ ಕಾದ ದಬ್ಬಣ ಚುಚ್ಚಿದಂತಾಯಿತು. ಚೇಳು! ಒದರಿದರೆ ಬ್ಯಾಲೆ ಕೆಡುತ್ತದೆ, ಬ್ಯಾಲೆ ಕೆಟ್ಟರೆ ಮಸ್ಕಿ ತಪ್ಪುತ್ತದೆ. ಪಾಪ, ಗಂಟಲಿಗೆ ಬಂದ ‘ಯಪ್ಪೋ’ವನ್ನು ಹಾಗೇ ನುಂಗಿದ. ಒಂಟಿ ಕಾಲಲ್ಲಿ ಜಿಗಿದ, ಕಂಬಳಿ ಕಿತ್ತೆಸೆದ, ಗೋಡೆಗೆ ಹಣೆಯೊತ್ತಿ ಕಣ್ಣೀರು ಸುರಿಸಿದ.

“ಇವಂಗ ಏನಾಗೇತಿ, ಯಾರು ಹೇಳ್ತೀರಿ?” ಎಂದರು ಸಾಹೇಬರು.

ಮುಂದಿನ ಸಾಲಿನ ಮಹೆಕ್ ಎದ್ದಳು. “ಚೇಳು ಕಡದೈತ್ರಿ.”

ಸಾಹೇಬರು ತಮ್ಮ ಹಾಳೆ ನೋಡಿದರು. “ಕತ್ಯಾಗ ಚೇಳಾ ಇಲ್ಲ, ವಿರಹ ಐತಿ. ಏನ್ ಕಲಿಸೀರಿ ಮಾಸ್ತರ?” ಎಂದು ಪೆನ್ನು ತೆಗೆದು ವರ್ಗಾವಣೆಗೆ ಬರೆಯತೊಡಗಿದರು.

ಚೇಳು ಹೌದೆಂದರೆ ತಾನು ಕುಣಿದದ್ದು ಬ್ಯಾಲೆಯಲ್ಲ, ಅಲ್ಲವೆಂದರೆ ಮಕ್ಕಳಿಗೆ ಏನೂ ತಿಳಿದಿಲ್ಲ. ಗಂಗಾಧರ ಲೆಕ್ಕ ಹಾಕುತ್ತಿದ್ದ. ಆಗ ಕಂಬಳಿಯಿಂದ ಚೇಳೇ ಹೊರಬಂದು ಸಾಹೇಬರ ಬೂಟಿನತ್ತ ನಡೆಯಿತು. ಸಾಹೇಬರು ಕುರ್ಚಿಯ ಮೇಲೆ ಹತ್ತಿ ನಿಂತರು. ಮಹೆಕ್ ತನ್ನ ಟಿಫಿನ್ ಡಬ್ಬಿಯನ್ನು ಅದರ ಮೇಲೆ ಬೋರಲು ಹಾಕಿದಳು.

“ಅಂದ್ರ ಹುಡುಗಿ ಹೇಳಿದ್ದು ಖರೇ ಐತಿ! ಒಂದು ಮಾತಿಲ್ಲದ ಎಲ್ಲಾ ತಿಳಿಸೀರಿ. ಭೇಷ್!” ಸಾಹೇಬರು ಬರೆದ ಹಾಳೆ ಹರಿದರು. ಗಂಗಾಧರನಿಗೆ ಹೋದ ಜೀವ ಬಂತು. ಅವರು ಇನ್ನೊಂದು ಹಾಳೆ ತೆಗೆದರು.

“ನಿಮ್ಮಂಥಾವ್ರನ್ನ ಮಸ್ಕ್ಯಾಗ ಇಡಬಾರ್ದು. ನಾಳಿಂದ ಗೊರೇಬಾಳ, ಆರ್.ಎಚ್. ಕ್ಯಾಂಪ್, ಲಿಂಗಸುಗೂರು, ವರ್ಷಪೂರ್ತಿ ಎಲ್ಲಾ ಸಾಲಿ ಮಕ್ಕಳ ಮುಂದ ಹೋಗಿ ಕುಣೀರಿ. ಆದ್ರ ಮುಖದಾಗ ಇದಾ ಭಾವ ಬರಬೇಕು ನೋಡ್ರಿ, ಇದಾ!”

ಆಸ್ಪತ್ರೆಗೆಂದು ಪದ್ಮಾವತಿ ಟೀಚರ್ ಆಟೋ ಕರೆತಂದರು. ಕುಂಟುತ್ತ ಹೊರಟ ಗಂಗಾಧರನ ಹಿಂದೆಯೇ ಮಹೆಕ್ ಡಬ್ಬಿ ಹಿಡಿದು ಓಡಿ ಬಂದಳು.

“ಸರ್, ಮುಚ್ಚಳಕ್ಕ ತೂತು ಮಾಡೀನ್ರಿ, ಚೇಳು ಸಾಯಂಗಿಲ್ಲ. ನಾಳಿಗೆ ಒಯ್ಯಿರಿ.”